ಸಾಹೇಬರ ಮನೆಯವರು

ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮೂರೇ ಜನ ಇದ್ದೆವು ಅಂತ ಹೇಳಿದರೆ ಅದು ಅರ್ಧ ಸುಳ್ಳು. ನಾಲ್ಕನೆಯವರು ಸಾಹೇಬರು. ಅವರು ಸತ್ತು ಎಷ್ಟೋ ತಲೆಮಾರು ಕಳೆದಿತ್ತು ಅನ್ನುವುದು ಅಷ್ಟೇನೂ ಮುಖ್ಯವಾಗಿರಲಿಲ್ಲ. ಮೇರಿಲ್ಯಾಂಡಿನ ಕೊಲಂಬಿಯಾ ಊರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ಅವರ ಮಾತು ಬಾರದ ದಿನವಿಲ್ಲ. ಮೆಣಸು, ಗಂಧ, ಬಟ್ಟೆಯ ವ್ಯಾಪಾರಕ್ಕೆಂದು ಹಡಗು ಹತ್ತಿ ಮದರಾಸಿಗೆ ಬಂದಿಳಿದ ಇಂಗ್ಲಿಷ್ ಹುಡುಗ ಅವರು. ಅಲ್ಲಿಂದ ಮೈಸೂರು ಸೀಮೆಗೆ ಬಂದು, ಅಂಗಡಿಯ ಗುಮಾಸ್ತರಿಂದ ಕನ್ನಡ ಕಲಿತು, ಎತ್ತಿನ ಗಾಡಿಯಲ್ಲಿ ಊರೂರು ತಿರುಗಿ, ಓಲೆಗರಿಯ ಕಟ್ಟುಗಳನ್ನು ಹುಡುಕಿ ಹುಡುಕಿ ಕೊಂಡು, ಮುದಿವಯಸ್ಸಿನಲ್ಲಿ ತಮ್ಮ ದೇಶಕ್ಕೆ ಮರಳಿ ಎರಡು ದಪ್ಪ ಸಂಪುಟಗಳ ಪ್ರವಾಸ ಕಥನ ಬರೆದರು. ಆ ಸಂಪುಟಗಳು ಬಾಲ್ಟಿಮೋರಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಅಪ್ಪನ ಕೈಗೆ ಸಿಕ್ಕವು. ಆವತ್ತಿನಿಂದ ಅಪ್ಪನ ತಲೆ ಕೆಟ್ಟಿತು ಅಂತ ಅಮ್ಮ ಹೇಳುತ್ತಿದ್ದಳು. ಅಪ್ಪ ಸಾಹೇಬರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕೂತರು.

ಅಪ್ಪ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ಹಗಲೆಲ್ಲ ಮೈಕ್ರೋಸ್ಕೋಪು, ಸಂಜೆಯೆಲ್ಲ ಬೇಸ್‌ಮೆಂಟು. ಮನೆ ಹೀಗಿತ್ತು: ಬಾಗಿಲು ತೆಗೆದ ತಕ್ಷಣ ಒಂದು ಪುಟ್ಟ ಜಾಗ, ಅಲ್ಲಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಹಾಲ್, ಮಲಗುವ ಕೋಣೆಗಳು, ಇಳಿದರೆ ಅಪ್ಪನ ಬೇಸ್‌ಮೆಂಟು. ಮೇಲೆ ಅಮ್ಮನ ರಾಜ್ಯ, ಕೆಳಗೆ ಅಪ್ಪನದು. ಬೇಸ್‌ಮೆಂಟಿಗೆ ಒಂದೇ ಒಂದು ಕಿಟಕಿ, ಅದೂ ತಲೆಯ ಮೇಲೆ. ಅದರಿಂದ ಕಾಣುತ್ತಿದ್ದದ್ದು ಹುಲ್ಲಿನ ಬುಡ, ಚಳಿಗಾಲದಲ್ಲಿ ಹಿಮದ ಗೋಡೆ. ಕೆಳಗೆ ಹಳೆಯ ಕಾಗದದ ವಾಸನೆ, ಮೇಲೆ ಒಗ್ಗರಣೆಯ ವಾಸನೆ. ನೆರೆಯವರಿಗೆ ಒಗ್ಗರಣೆ ಗೊತ್ತಾಗಬಾರದೆಂದು ಅಮ್ಮ ಎಲ್ಲ ಕಿಟಕಿ ಮುಚ್ಚಿಯೇ ಅಡುಗೆ ಮಾಡುತ್ತಿದ್ದಳು. ಹಾಗಾಗಿ ಆ ವಾಸನೆ ಹೊರಗೆ ಹೋಗುವ ದಾರಿ ಕಾಣದೆ ನನ್ನ ಕೋಟಿನೊಳಗೆ ಸೇರಿಕೊಳ್ಳುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಇದನ್ನು ಅಮ್ಮನಿಗೆ ಹೇಳಲು ನನಗೆ ಬಾಯೇ ಬರಲಿಲ್ಲ. ಸಾಯಂಕಾಲ ಅಮ್ಮ ಮೆಟ್ಟಿಲ ಮೇಲೆ ನಿಂತು ಕೂಗುವುದು, ಅಪ್ಪ ಕೆಳಗಿಂದಲೇ ಉತ್ತರ ಕೊಡುವುದು, ಇದು ದಿನದ ಪೂಜೆಯಷ್ಟೇ ಖಾಯಂ.

"ರೀ, ಊಟ ತಣ್ಣಗಾಯ್ತು. ಆ ಸಾಹೇಬ್ರನ್ನೂ ಕರ್ಕೊಂಡು ಬನ್ನಿ, ಅವರಿಗೂ ಒಂದು ತಟ್ಟೆ ಇಡ್ತೀನಿ."

"ಬಂದೆ ಕಣೇ, ಒಂದ್ನಿಮಿಷ. ಈಗ್ತಾನೆ ಘಟ್ಟ ಇಳೀತಾ ಇದಾರೆ."

"ಇಳೀಲಿ ಇಳೀಲಿ. ಕಾಲು ಜಾರಿ ಬೀಳ್ದೆ ಇದ್ರೆ ಸಾಕು!"

ಇದು ತಮಾಷೆಯ ಜಗಳ ಅಂತ ಚಿಕ್ಕವಳಾಗಿದ್ದಾಗ ಅಂದುಕೊಂಡಿದ್ದೆ. ಎಷ್ಟೋ ದಿನ ಅದು ತಮಾಷೆಯಾಗಿರುತ್ತಿರಲಿಲ್ಲ. ಅಮ್ಮ ಆ ಪುಸ್ತಕವನ್ನು ಕೈಯಿಂದಲೂ ಮುಟ್ಟಲಿಲ್ಲ. "ಅದನ್ನ ಓದೋದಕ್ಕಿಂತ ಡಿಟರ್ಜೆಂಟ್ ಡಬ್ಬಿ ಮೇಲಿರೋದನ್ನ ಓದ್ತೀನಿ" ಅನ್ನುತ್ತಿದ್ದಳು. ಮೈಸೂರಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ್ದವಳಿಗೆ ಇಲ್ಲಿಗೆ ಬಂದ ಮೇಲೆ ಸೀಮೆಸುಣ್ಣ ಹಿಡಿಯುವ ಅವಕಾಶ ಮತ್ತೆ ಬರಲಿಲ್ಲ. ಅಪ್ಪನಿಗೆ ಬಡಿಸಿ, ನನಗೆ ಬಡಿಸಿ, ಆಮೇಲೆ ಕೌಂಟರಿಗೆ ಒರಗಿ ನಿಂತು ತಾನು ಉಣ್ಣುತ್ತಿದ್ದಳು. ಅಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕರೆಯಬೇಕಾದರೆ "ಇವಳೇ", ಅಷ್ಟೇ.

ನನಗಂತೂ ಜೊತೆಗೆ ಯಾರೂ ಇರಲಿಲ್ಲ. ಕನ್ನಡದ ಮನೆಗಳು ಒಂದು ಬಾಲ್ಟಿಮೋರಿನ ಆಚೆ, ಇನ್ನೊಂದು ವರ್ಜೀನಿಯಾದಲ್ಲಿ. ಯುಗಾದಿಗೆ ಯಾವುದೋ ಶಾಲೆಯ ಹಾಲ್‌ನಲ್ಲಿ ಎಲ್ಲರೂ ಸೇರಿ, ಅಂಕಲ್ ಆಂಟಿಯರ ಮಧ್ಯೆ ಚಿತ್ರಾನ್ನ ತಿಂದು, ಕಾರಿನಲ್ಲಿ ನಿದ್ದೆ ಹೋದರೆ ಮುಗಿಯಿತು. ಹಾಗಾಗಿ ನನ್ನ ಗೆಳೆಯರನ್ನು ನನಗೆ ಕೊಟ್ಟವರು ಸಾಹೇಬರೇ. ಅವರ ಪುಸ್ತಕದಲ್ಲಿ ಅಲ್ಲಲ್ಲಿ 'ಪೀಪಲ್ ಆಫ್ ಮೈ ಹೌಸ್' ಅಂತ ಬರುತ್ತದೆ. ನನ್ನ ಮನೆಯ ಜನರು ಮಂಗಳವಾರ ಪ್ರಯಾಣ ಹೊರಡಲು ಬಿಡಲಿಲ್ಲ. ನನ್ನ ಮನೆಯ ಜನರು ನಾನು ಉಂಡ ಮೇಲೆಯೇ ಉಣ್ಣುತ್ತಾರೆ. ನನ್ನ ಮನೆಯ ಜನರು ಏನು ಮಾಡಿದರೂ ನನ್ನ ಹೆಸರನ್ನು ಬಾಯಲ್ಲಿ ಹೇಳರು. ಹೀಗೆ ಒಂದೊಂದು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಇವರೆಲ್ಲ ಸಾಹೇಬರ ಆಳುಕಾಳುಗಳು ಅಂತ ಅಪ್ಪ ತೀರ್ಮಾನಿಸಿ 'ಸಾಹೇಬರ ಪರಿವಾರ' ಅಂತ ಒಂದು ಅಧ್ಯಾಯವನ್ನೇ ಬರೆದರು. ಮಂಗಳವಾರ ಬೇಡವೆಂದವನು ಮುದುಕ ಕಾವಲುಗಾರ ಬೋರ. ಉಂಡ ಮೇಲೆ ಉಣ್ಣುವವನು ಅಡುಗೆಯ ರಂಗಪ್ಪ. ಹೆಸರು ಹೇಳಲು ನಾಚುವವಳು ನೀರು ಸೇದುವ ಚೆಲುವಿ. ಈ ಹೆಸರುಗಳೆಲ್ಲ ಅಪ್ಪ ನನಗೋಸ್ಕರ ಹುಟ್ಟಿಸಿದ್ದು. ಆಮೇಲಾಮೇಲೆ ಅಪ್ಪನೇ ಅವನ್ನು ನಂಬಿಬಿಟ್ಟರು.

ಆ ಅಧ್ಯಾಯವನ್ನು ಅಪ್ಪ ಭಾನುವಾರ ಬೆಳಗ್ಗೆ ಜೋರಾಗಿ ಓದುತ್ತಿದ್ದರು, ನಾನು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಕೇಳುತ್ತಿದ್ದೆ. ನಾನು ಕನ್ನಡ ಕಲಿತದ್ದೇ ಹಾಗೆ. ನನ್ನ ಕನ್ನಡ ಪುಸ್ತಕದ ಕನ್ನಡ ಅಂತ ಮೈಸೂರಿನ ನನ್ನ ಕಸಿನ್‌ಗಳು ಇವತ್ತಿಗೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಶಾಲೆಯಿಂದ ಬಂದವಳೇ ನಾನು ಮೆಟ್ಟಿಲು ಇಳಿದು ಬಿಡುತ್ತಿದ್ದೆ. ವಾಟರ್ ಹೀಟರಿನ ಹಿಂದೆ ರಂಗಪ್ಪನ ಒಲೆ, ರಟ್ಟಿನ ಡಬ್ಬಗಳ ಹತ್ತಿರ ಬೋರನ ಜಗಲಿ. ಚೆಲುವಿಯ ಜೊತೆ ಮಾತಾಡಿದಷ್ಟು ನಾನು ಶಾಲೆಯಲ್ಲಿ ಯಾರ ಜೊತೆಗೂ ಮಾತಾಡಿದವಳಲ್ಲ. ಪುಸ್ತಕದ ಕೊನೆಯ ಭಾಗ ಬಂದರೆ ಮಾತ್ರ ನನಗೆ ಅಳು. ಸಾಹೇಬರು ಊರು ಬಿಟ್ಟು ಹಡಗಿಗೆ ಹೊರಡುತ್ತಾರೆ. 'ನನ್ನ ಮನೆಯ ಜನರು ಬಾಗಿಲವರೆಗೆ ಬಂದರು, ಅದರಾಚೆ ಬರಲಿಲ್ಲ' ಅಂತ ಬರೆಯುತ್ತಾರೆ. ಬಾಗಿಲಲ್ಲಿ ನಿಂತ ಅಷ್ಟೂ ಜನ ನನ್ನ ಕಣ್ಣಿಗೆ ಕಟ್ಟುತ್ತಿದ್ದರು. ನಾನು ಗೊಳೋ ಅಂತ ಅತ್ತರೆ ಅಪ್ಪನಿಗೆ ಒಳಗೊಳಗೇ ಖುಷಿ; ತಮ್ಮ ಬರವಣಿಗೆಗೆ ಸಿಕ್ಕ ಬಹುಮಾನ ಅದು. ಇಷ್ಟಕ್ಕೂ ಆ ಬರವಣಿಗೆಗೆ ಓದುಗರು ಅಂತ ಇದ್ದದ್ದು ನಾನೊಬ್ಬಳೇ.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ನಾನು ಮತ್ತೆ ಆ ಮನೆಗೆ ಬಂದೆ. ಹಿಂದಿನ ಅಕ್ಟೋಬರಿನಲ್ಲಿ ಅಮ್ಮ ತೀರಿಕೊಂಡಿದ್ದಳು. ಎಂಬತ್ತು ದಾಟಿದ ಅಪ್ಪನನ್ನು ಅಂಥ ಕಾಲದಲ್ಲಿ ಒಂಟಿಯಾಗಿ ಬಿಡುವುದು ಹೇಗೆ? ಜಾರ್ಜಿಯಾದ ಡುಲುತ್‌ನಲ್ಲಿರುವ ನಮ್ಮ ಫಾರ್ಮಸಿಯನ್ನು ನನ್ನ ಗಂಡ ನೋಡಿಕೊಳ್ಳುತ್ತೇನೆ ಅಂದರು. ನಾನು ಜಾರ್ಜಿಯಾ ಬಿಟ್ಟವಳು ಕ್ಯಾರೊಲಿನಾಗಳಲ್ಲಿ ಪೆಟ್ರೋಲ್ ಹಾಕಿಸಲು ಮಾತ್ರ ನಿಲ್ಲಿಸಿ ಒಂದೇ ಸಮನೆ ಕಾರು ಓಡಿಸಿಕೊಂಡು ಬಂದೆ. ಅಪ್ಪನನ್ನು ನೋಡಿಕೊಳ್ಳಲು ಬಂದೆ ಅಂತ ಎಲ್ಲರಿಗೂ ಹೇಳಿದೆ. ಅದು ನಿಜ. ಆದರೆ ನನಗೆ ಬೇಕಾಗಿದ್ದದ್ದು ಇನ್ನೊಂದು. ಅಮ್ಮ ಹೋದಾಗಿನಿಂದ ಅಪ್ಪ ಅವಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸ್ಮಶಾನದಲ್ಲಿಲ್ಲ, ತಿಥಿಯಲ್ಲಿಲ್ಲ, ಫೋನಿನಲ್ಲೂ ಇಲ್ಲ. ಒಂದೇ ಒಂದು ಮಾತು ಅವರ ಬಾಯಿಂದ ಬಂದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅದನ್ನು ಕೇಳದೆ ಡುಲುತ್‌ಗೆ ವಾಪಸ್ ಹೋಗಬಾರದೆಂದು ನಿರ್ಧಾರ ಮಾಡಿಕೊಂಡೇ ಬಂದಿದ್ದೆ.

ಅಪ್ಪ ಇನ್ನೂ ಜೀವನ ಚರಿತ್ರೆಯನ್ನು ತಿದ್ದುತ್ತಲೇ ಇದ್ದರು. ಮೊಣಕಾಲು ನೋವೆಂದು ಬೇಸ್‌ಮೆಂಟಿನಿಂದ ಕಾಗದಗಳೆಲ್ಲ ಊಟದ ಮೇಜಿಗೆ ಹತ್ತಿ ಬಂದಿದ್ದವು. ಅಮ್ಮನ ರಾಜ್ಯವೂ ಈಗ ಸಾಹೇಬರ ವಶ. ನಾವಿಬ್ಬರೂ ಒಂದು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ನಾನು ಎಲ್ಲಿಂದ ಶುರು ಮಾಡಿದರೂ ಮಾತು ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.

"ಅಪ್ಪಾ, ಅಮ್ಮನ ಸೀರೆಗಳೆಲ್ಲ ಬಟ್ಟೆ ಕ್ಲಾಸೆಟ್‌ನಲ್ಲಿ ಹಾಗೇ ಇವೆ. ಏನ್ಮಾಡೋಣ?"

"ಸೀರೆ ಅಂದ್ರೆ ನೋಡಮ್ಮ, ಸಾಹೇಬ್ರು ಒಂದ್ಕಡೆ ಮಗ್ಗದವರ ಬಗ್ಗೆ ಬರೀತಾರೆ, ಎಷ್ಟು ಚೆನ್ನಾಗಿದೆ ಅಂತೀಯ…"

"ಅಪ್ಪಾ, ನಾನು ಕೇಳಿದ್ದು ಅಮ್ಮನ ಸೀರೆ."

"ಇರ್ಲಿ ಬಿಡು, ಅವಸರ ಏನಿದೆ. ಆ ಎರಡನೇ ಸಂಪುಟ ಇತ್ಲಾಗೆ ಕೊಡು."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಪಾತ್ರೆ ತೊಳೆಯುತ್ತಾ, ಅಪ್ಪನಿಗೆ ಕೇಳಲಿ ಅಂತಲೇ, "ನಾನು ಸತ್ರೂ ಇವರು ಸಾಹೇಬ್ರ ಕಥೇನೇ ಹೇಳ್ತಾರೆ" ಅಂದೆ. ಕೇಳಿಸಿತೋ ಇಲ್ಲವೋ. ಹಿಯರಿಂಗ್ ಏಡ್ ತೆಗೆದಿಟ್ಟಿದ್ದರೆ ಅವರಷ್ಟು ನೆಮ್ಮದಿಯ ಮನುಷ್ಯ ಇಡೀ ಮೇರಿಲ್ಯಾಂಡಿನಲ್ಲಿ ಇರಲಿಲ್ಲ.

ಜೂನ್ ತಿಂಗಳಲ್ಲಿ ಒಂದು ಶನಿವಾರ ಮಧ್ಯಾಹ್ನ ನನ್ನ ಮಗಳು ಮೇಘ ವರ್ಜೀನಿಯಾದ ಸ್ಟರ್ಲಿಂಗ್‌ನಿಂದ ಬಂದಳು. ಅಲ್ಲಿ ಡೇಟಾ ಸೆಂಟರಿನಲ್ಲಿ ಕೆಲಸ ಅವಳಿಗೆ. ಇಲ್ಲೇ ಹುಟ್ಟಿದವಳು, ಅವಳ ಕನ್ನಡ ಎರಡು ಹೆಜ್ಜೆ ಇಟ್ಟು ಇಂಗ್ಲಿಷಿಗೆ ಹಾರುವ ಕನ್ನಡ. ತಾತನಿಗೆ ಏನಾದರೂ ಅಂಟೀತೆಂಬ ಭಯಕ್ಕೆ ಒಳಗೆ ಬರದೆ ಮನೆಯ ಹಿಂದಿನ ಮರದ ಡೆಕ್‌ನ ಆ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತಳು. ಈ ತುದಿಯಲ್ಲಿ ಅಪ್ಪ, ಮಧ್ಯೆ ನಾನು ಬಿಸಿಬೇಳೆ ಬಾತಿನ ಪಾತ್ರೆ ಹಿಡಿದುಕೊಂಡು ಪೋಸ್ಟ್‌ಮ್ಯಾನಿನ ಹಾಗೆ ಓಡಾಡುತ್ತಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಫೋನ್ ಬಂತು. ನಾರ್ತ್ ಕ್ಯಾರೊಲಿನಾದಲ್ಲಿರುವ ಹಳೆಯ ಸಹಪಾಠಿ, ಅವರೂ ಡಾಕ್ಟರೇ, ವರ್ಷಗಟ್ಟಲೆ ಮಾತಿರಲಿಲ್ಲ. ಸ್ಪೀಕರ್ ಹಾಕಿ ಇಬ್ಬರೂ ಕೂಗಾಡತೊಡಗಿದರು. ಅವರು ಸಹಜವಾಗಿ "ಮನೆಯವರು ಹೇಗಿದಾರೆ?" ಅಂತ ಕೇಳಿದರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಈಗ ಹೇಳಲೇಬೇಕಲ್ಲ!

"ನಮ್ಮನೆಯವರು ಹೋಗ್ಬಿಟ್ರು ಡಾಕ್ಟ್ರೇ" ಅಂದರು ಅಪ್ಪ. "ಹೋದ ಅಕ್ಟೋಬರ್‌ನಲ್ಲಿ. ಕೊನೇಲಿ ತುಂಬಾ ಒದ್ದಾಡ್ಬಿಟ್ರು."

ಅಷ್ಟೇ ಹೇಳಿ, ಆ ಕಡೆಯವರ ಅಯ್ಯೋ ಪಾಪವನ್ನು ಕೇಳಿಸಿಕೊಂಡು ಫೋನಿಟ್ಟರು. ಇದೂ ಒಂದು ಮಾತೇ ಅಂತ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ನಾನು ಯೋಚಿಸುವಷ್ಟರಲ್ಲಿ ಆ ತುದಿಯಿಂದ ಮೇಘ ಎದ್ದು ನಿಂತಿದ್ದಳು. ದಿನಾ ಟೀವಿಯಲ್ಲಿ ಸಾವಿನ ಸುದ್ದಿಯನ್ನೇ ಕೇಳುತ್ತಿದ್ದ ಕಾಲ ಅದು.

"ತಾತಾ! ಓ ಮೈ ಗಾಡ್, ಯಾರ ಮನೆ? ಎಷ್ಟು ಜನ ಹೋದ್ರು? ಆಲ್ ಆಫ್ ದೆಮ್?"

"ಅಯ್ಯೋ ಪೆದ್ದೀ, ಅಜ್ಜಿ ಬಗ್ಗೆ ಕಣೇ ಹೇಳ್ತಿರೋದು" ಅಂದೆ ನಾನು.

"ಬಟ್ ಹೀ ಸೆಡ್ ಮನೆಯವರು. ಪೀಪಲ್ ಆಫ್ ದ ಹೌಸ್, ಅಲ್ವಾ? ಹೋಗ್ಬಿಟ್ರು. ಒದ್ದಾಡ್ಬಿಟ್ರು. ದಟ್ಸ್ ಪ್ಲೂರಲ್, ಅಮ್ಮ. ಅಜ್ಜಿ ಈಸ್ ಒನ್ ಪರ್ಸನ್."

ನನಗೆ ನಗು ಬಂತು. ಹೆಂಡತಿಯನ್ನು ಹೆಸರು ಹಿಡಿಯದೆ ಮನೆಯವರು ಅನ್ನುವುದನ್ನು, ಒಬ್ಬಳಿಗೇ ಮರ್ಯಾದೆಗೆ ಬಹುವಚನ ಹಚ್ಚುವುದನ್ನು ಈ ಹುಡುಗಿಗೆ ಹೇಗೆ ಹೇಳಲಿ ಅಂತ ತಿರುಗಿ ನೋಡಿದರೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಚಮಚ ತಟ್ಟೆಯಲ್ಲೇ ಬಿದ್ದಿತ್ತು. ಎದೆನೋವೇನೋ ಅಂತ ನನ್ನ ಜೀವ ಬಾಯಿಗೆ ಬಂತು.

"ಏನಂದೆ ಮರೀ? ಇನ್ನೊಂದ್ಸಲ ಅನ್ನು" ಅಂದರು.

"ಪೀಪಲ್ ಆಫ್ ದ ಹೌಸ್. ತಪ್ಪಾ ತಾತ?"

"ತಪ್ಪಲ್ಲಮ್ಮ. ಸಾಹೇಬ್ರೂ ಅದನ್ನೇ ಬರ್ದಿದ್ದು."

ಅಪ್ಪ ಎರಡೂ ಸಂಪುಟಗಳನ್ನು ತರಿಸಿಕೊಂಡು ಡೆಕ್‌ನ ಮೇಲೇ ಓದತೊಡಗಿದರು. ಬಿಸಿಬೇಳೆ ಬಾತು ಆರಿ ಹೋಯಿತು. ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದುವುದು, ಕಣ್ಣು ಮುಚ್ಚುವುದು, ಕನ್ನಡದಲ್ಲಿ ಹೇಳುವುದು. ನಮ್ಮನೆಯವರು ಮಂಗಳವಾರ ಹೊರಡಲು ಬಿಡಲಿಲ್ಲ. ನಮ್ಮನೆಯವರು ನಾನು ಉಂಡ ಮೇಲೆಯೇ ಉಣ್ಣುತ್ತಾರೆ. ನಮ್ಮನೆಯವರು ನನ್ನ ಹೆಸರು ಹೇಳುವುದಿಲ್ಲ. ಕನ್ನಡದಲ್ಲಿ ಕೇಳಿದ ಕೂಡಲೇ ಯಾವ ಮಗುವಿಗಾದರೂ ಗೊತ್ತಾಗುತ್ತದೆ, ಅಲ್ಲಿ ಆಳುಗಳಿಲ್ಲ, ಹೆಂಡತಿ ಇದ್ದಾಳೆ ಅಂತ. ಸಾಹೇಬರಿಗೆ ಅಂಗಡಿಬೀದಿಯಲ್ಲಿ ಎಲ್ಲರೂ "ನಿಮ್ಮನೆಯವರು ಹೇಗಿದಾರೆ" ಅಂತ ಕೇಳಿ ಕೇಳಿ ಆ ಮಾತೇ ಬಾಯಿಗೆ ಹತ್ತಿರಬೇಕು. ಇಲ್ಲವೇ, ತಮ್ಮ ದೇಶದವರಿಗೆ ಗೊತ್ತಾಗದಿರಲೆಂದು ಬೇಕೆಂದೇ ಆ ಮಾತಿನ ಹಿಂದೆ ಅವಳನ್ನು ಬಚ್ಚಿಟ್ಟಿರಬೇಕು. ಅಪ್ಪ ಆ ಪುಸ್ತಕವನ್ನು ಒಂದು ಜನ್ಮವಿಡೀ ಓದಿದ್ದರು, ಆದರೆ ಇಂಗ್ಲಿಷಿನಲ್ಲೇ ಓದಿದ್ದರು. ಅಂಥ ತಪ್ಪು ಮಾಡಲು ಕನ್ನಡವೂ ಬರಬೇಕು, ಇಂಗ್ಲಿಷೂ ಬರಬೇಕು, ನಮ್ಮ ಅಪ್ಪನೂ ಆಗಿರಬೇಕು.

ಮೇಘ ಹೊರಟು ಹೋದ ಮೇಲೆ, ಮಾರನೆಯ ಬೆಳಗ್ಗೆ, ಅಪ್ಪ 'ಸಾಹೇಬರ ಪರಿವಾರ'ದ ಹಾಳೆಗಳನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತಿದ್ದರು. ಮೊದಲು ಬೋರ ಹೋದ, ಆಮೇಲೆ ರಂಗಪ್ಪ. ನಾನು ಕಾಫಿ ಲೋಟ ಹಿಡಿದು ನಿಂತವಳು ನಿಂತೇ ಇದ್ದೆ. ಅರವತ್ತು ವರ್ಷದ ಹೆಂಗಸು, ಎರಡು ಹೆಣ್ಣುಮಕ್ಕಳ ತಾಯಿ, ಕಾಗದದ ಮೇಲಿನ ಆಳುಗಳಿಗಾಗಿ ಅಳುತ್ತಾಳೆಯೇ? ಅತ್ತೆ. ಆ ಬೇಸ್‌ಮೆಂಟಿನಲ್ಲಿ ನನಗಿದ್ದವರು ಅವರಷ್ಟೇ.

"ಅಪ್ಪಾ, ಚೆಲುವೀನಾದ್ರೂ ಬಿಡಿ" ಅಂದೆ.

"ಹೇಗ್ ಬಿಡ್ಲಿ ಕಣಮ್ಮ? ಇವರ್ಯಾರೂ ಇರ್ಲೇ ಇಲ್ಲ. ಇದ್ದಿದ್ದು ಒಬ್ಳು. ಬಾಗಿಲ ತನಕ ಬಂದೋಳು ಅವಳೊಬ್ಳೇ. ಅವಳನ್ನ ಬಿಟ್ಟು ನಾನು ಊರಿನವರ್ನೆಲ್ಲ ತುಂಬಿಸ್ಬಿಟ್ಟಿದೀನಿ."

ಅಪ್ಪ ಹೊಸ ಹಾಳೆ ತೆಗೆದುಕೊಂಡರು. ಬರೆಯಲು ಏನಿತ್ತು? ಅವಳ ಹೆಸರಿಲ್ಲ, ಊರಿಲ್ಲ, ಸಾಹೇಬರು ಹೋದ ಮೇಲೆ ಏನಾದಳೆಂಬುದಿಲ್ಲ. ಸಾಹೇಬರು ತಿಂಗಳುಗಟ್ಟಲೆ ತಿರುಗಾಟಕ್ಕೆ ಹೋಗುತ್ತಿದ್ದರಲ್ಲ, ಆಗ ಅವಳು ಆ ಮನೆಯಲ್ಲಿ ಹೊತ್ತು ಹೇಗೆ ಕಳೆಯುತ್ತಿದ್ದಳು ಅಂತ ಅಪ್ಪ ನನ್ನನ್ನು ಕೇಳಿದರು. ನನಗೆ ರೇಗಿ ಹೋಯಿತು. ಮತ್ತೆ ಸಾಹೇಬರೇ! "ನನಗೇನ್ ಗೊತ್ತು, ನಿಮ್ಮ ಸಾಹೇಬ್ರನ್ನೇ ಕೇಳಿ" ಅಂದು ಸಿಂಕಿನ ಕಡೆ ತಿರುಗಿದೆ. ನಲ್ಲಿ ಬಿಟ್ಟೆ. ಅಪ್ಪ ಏನೋ ಅಂದರು, ನೀರಿನ ಸದ್ದಿಗೆ ಕೇಳಿಸಲಿಲ್ಲ. ನಿಲ್ಲಿಸಿದೆ.

"ಇವಳೇನ್ ಮಾಡ್ತಿದ್ಲು?"

"ಯಾರು?"

"ಇವಳು. ನಿಮ್ಮಮ್ಮ. ನಾನು ಆಸ್ಪತ್ರೇಲಿ, ಬಂದ್ರೆ ಕೆಳಗಡೆ. ದಿನವೆಲ್ಲಾ ಈ ಮನೇಲಿ ಏನ್ ಮಾಡ್ತಿದ್ಲು?"

ಇದನ್ನು ಕೇಳಲೆಂದೇ ನಾನು ಅಷ್ಟು ದೂರದಿಂದ ಬಂದಿದ್ದೆ. ಕೆಳಗೆ ಕೂತು ಆಡುತ್ತಿದ್ದಾಗ ಮನೆ ಬೆಚ್ಚಗಿಡುವ ಬಿಸಿಗಾಳಿಯ ಕೊಳವೆಯೊಳಗಿಂದ ಅಡುಗೆಮನೆಯ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು ಅನ್ನುವುದನ್ನು ನಾನು ಯಾರಿಗೂ ಹೇಳಿದವಳಲ್ಲ. ಕುರ್ಚಿ ಎಳೆದುಕೊಂಡು ಅಪ್ಪನ ಹತ್ತಿರ, ಹಿಯರಿಂಗ್ ಏಡ್ ಇದ್ದ ಕಿವಿಯ ಕಡೆಗೆ ಕೂತೆ.

"ಅಮ್ಮ ಸೊಪ್ಪಿನವಳ ಜೊತೆ ಜಗಳ ಆಡ್ತಿದ್ಲು ಅಪ್ಪ."

"ಇಲ್ಲೆಲ್ಲಿ ಸೊಪ್ಪಿನವಳು ಬರ್ತಾಳೆ?"

"ಬರ್ತಿರ್ಲಿಲ್ಲ. ಸೇಫ್‌ವೇ ಅಂಗಡಿಯಿಂದ ತಂದ ಪಾಲಕ್ ಬಿಡಿಸ್ತಾ ಒಬ್ಳೇ ಮಾತಾಡ್ತಿದ್ಲು. ಸೊಪ್ಪಿನವಳು ಆದ್ಮೇಲೆ ಹಾಲಿನವನು. ಆಮೇಲೆ ಪಕ್ಕದ ಮನೆಯವರು. ಸ್ಕೂಲ್ ಮಕ್ಕಳಿಗೆ ಪಾಠಾನೂ ಹೇಳ್ತಿದ್ಲು ಕೆಲವು ದಿನ."

"ಯಾರೂ ಇರ್ಲಿಲ್ವಾ?"

"ಯಾರೂ ಇರ್ಲಿಲ್ಲ ಅಪ್ಪ."

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಸೊಪ್ಪಿನವಳಿಗೆ ಏನಂತಿದ್ಲು?"

ನಾನು ಅಮ್ಮನ ಧ್ವನಿ ಮಾಡಿ ಹೇಳಿದೆ: "ಏನೇ ತಾಯಿ, ನಿನ್ನೆ ಕೊಟ್ಟಿದ್ದು ಬರೀ ದಂಟೇ. ಇವತ್ತಾದ್ರೂ ಎಳೇದು ಕೊಡೇ. ನಮ್ಮನೆಯವರು ಬೆಳಗ್ಗೆ ಹೋದ್ರೆ ರಾತ್ರಿಗೇ ಬರೋದು, ಒಂದು ತುತ್ತು ಚೆನ್ನಾಗಿ ಉಣ್ಲಿ."

"ಇನ್ನೊಂದ್ಸಲ ಹೇಳಮ್ಮ" ಅಂದರು ಅಪ್ಪ.